ಮಿಲ್ಟ್ರಿ ಲಾರಿ ಕಣ್ಣು ಹೊಡೆದಾಗ: ಮನೆಯಲ್ಲೇ ಮಾಡಿದ ಎಲ್‌ಇಡಿ ಹೆಡ್‌ಲೈಟಿನ ದೋಷ ಹುಡುಕುವ ಬಗೆ

"ಅಣ್ಣ, ಎಡಗಡೆ ಲೈಟು ಕಣ್ಣು ಹೊಡೀತಾ ಇದೆ" ಅಂತ ಡ್ರೈವರ್ ಫೋನ್ ಮಾಡಿದಾಗ ರಾತ್ರಿ ಎಂಟೂವರೆ. ದೀಪ ಹಾಕಿ ಇನ್ನೂ ಮೂರು ವಾರ ಆಗಿತ್ತು, ಅಷ್ಟೆ. ತಗಡು ಕತ್ತರಿಸಿ, ಬೆಸುಗೆ ಹಾಕಿ, ಬೆರಳು ಸುಟ್ಟುಕೊಂಡು ಮಾಡಿದ ದೀಪ. ಬೇಜಾರಾಯಿತು. ಆ ಬೇಜಾರಿನಲ್ಲೇ ಮೊದಲ ತಪ್ಪು ಮಾಡಿದೆ: ನಾನು ಮಾಡಿದ್ದೇ ಕೆಟ್ಟಿರಬೇಕು ಅಂದುಕೊಂಡು ದೀಪದ ಒಳಗಿನ ಬೋರ್ಡು ಬದಲಾಯಿಸಿದೆ. ಮತ್ತೆ ಕಣ್ಣು ಹೊಡೆಯಿತು. ಇನ್ನೊಂದು ಬದಲಾಯಿಸಿದೆ. ಮೂರನೆಯದನ್ನು ಕೈಯಲ್ಲಿ ಹಿಡಿದಾಗ ಬುದ್ಧಿ ಬಂತು. ಆ ಮೂರನೆಯದು ಈಗಲೂ ಡ್ರಾಯರಿನಲ್ಲಿ ಹಾಗೇ ಇದೆ.

ಗಾಡಿ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ತಯಾರಾದ ಸೈನ್ಯದ ಲಾರಿ. ನಮ್ಮ ಚಿಕ್ಕಪ್ಪ ಡಿಸ್ಪೋಸಲ್ ಮಾಲು ಅಂತ ಕೊಂಡು ಸಕಲೇಶಪುರದ ಹತ್ತಿರದ ತೋಟಕ್ಕೆ ತಂದಿದ್ದರು. ಸಿಲ್ವರ್ ಓಕ್ ದಿಮ್ಮಿ, ಗೊಬ್ಬರ, ಕೆಲವೊಮ್ಮೆ ಹೂತುಹೋದ ಪಕ್ಕದ ತೋಟದವರ ಟ್ರ್ಯಾಕ್ಟರ್, ಇವನ್ನೆಲ್ಲ ಎಳೆಯುವುದು ಅದರ ಕೆಲಸ. ತೋಟದ ಒಳಗೆ ಮಾತ್ರ ಓಡುತ್ತದೆ, ರಸ್ತೆಗೆ ಇಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಮಾಡಿದ ಹೆಡ್‌ಲೈಟಿಗೆ ಯಾವ ಮಂಜೂರಾತಿಯೂ ಇರುವುದಿಲ್ಲ. ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಬೆಳಕನ್ನು ಕತ್ತರಿಸುವುದು ಲೆನ್ಸ್ ಅಂಟಿಸಿದಷ್ಟು ಸುಲಭ ಅಲ್ಲ. ರಸ್ತೆಗೆ ಇಳಿಯುವ ಗಾಡಿಯಾದರೆ ಮಂಜೂರಾದ ದೀಪವನ್ನೇ ಕೊಳ್ಳಿ.

ಈಗ ದೀಪದ ವಿಷಯ. ಬಟ್ಟಲು ಹಳೆಯದೇ, ಏಳು ಇಂಚಿನ ದುಂಡು ಬಟ್ಟಲು. ಒಳಗೆ 6 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಟ್ಟೆ. ಅದರ ಮೇಲೆ ಡಿಮ್ಮಿಗೆ ಆರು ಎಲ್‌ಇಡಿ, ಬ್ರೈಟಿಗೆ ಆರು. ಪ್ರತಿ ಆರೂ ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ. ಒಂದೊಂದು ಸಾಲಿಗೆ ಒಂದೊಂದು ಕರೆಂಟ್ ಹಿಡಿದಿಡುವ ಸರ್ಕ್ಯೂಟ್. ಎಲ್ಲರೂ ಅದನ್ನು ಡ್ರೈವರ್ ಅಂತಾರೆ. ಗಾಡಿ ಓಡಿಸುವವನೂ ಡ್ರೈವರೇ ಆದ್ದರಿಂದ ನಾನು ಬೋರ್ಡು ಅಂತೀನಿ. ಬೋರ್ಡು 1.5 ಆಂಪಿಯರ್ ಕೊಡುತ್ತದೆ. ಆರು ಎಲ್‌ಇಡಿಗೆ ಒಟ್ಟು 18.6 ವೋಲ್ಟ್ ಬೇಕು. ಅಂದರೆ 28 ವ್ಯಾಟ್. ಬೋರ್ಡಿನ ನಷ್ಟ ಸೇರಿಸಿ ಬ್ಯಾಟರಿಯಿಂದ ಎಳೆಯುವುದು ಸುಮಾರು 31 ವ್ಯಾಟ್. ಹಳೆಯ ಬಲ್ಬು 70 ವ್ಯಾಟ್ ತಿನ್ನುತ್ತಿತ್ತು.

ಸೈನ್ಯದ ಗಾಡಿ ಅಂದರೆ 24 ವೋಲ್ಟ್, 12ರ ಎರಡು ಬ್ಯಾಟರಿ ಸೀರೀಸ್‌ನಲ್ಲಿ. ಎಂಜಿನ್ ಓಡುವಾಗ 28ರ ಹತ್ತಿರ. 24ರಿಂದ 18.6 ತೆಗೆಯುವುದಕ್ಕೆ ಬೇಕಾದಷ್ಟು ಜಾಗ ಇದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಕಾಗದದಲ್ಲಿ ತುಕ್ಕು ಇರುವುದಿಲ್ಲ, ಅಲ್ವಾ.

ಯಾವಾಗ ಕಣ್ಣು ಹೊಡೆಯುತ್ತದೆ?

ಮೀಟರ್ ಹಿಡಿಯುವ ಮುಂಚೆ ಇದನ್ನು ಕೇಳಿ. ಗಾಡಿ ಓಡಿಸುವವನನ್ನು ಕೂರಿಸಿಕೊಂಡು, ಒಂದು ಲೋಟ ಕಾಫಿ ಕೊಟ್ಟು ಕೇಳಿ. ನಾನು ಕೇಳಿದ್ದು ಮೂರನೇ ಬೋರ್ಡು ಕೊಂಡ ಮೇಲೆ.

"ಏರು ಹತ್ತುವಾಗ ಸರಿ ಇರ್ತದೆ. ಗೇಟ್ ಹತ್ರ ನಿಲ್ಸಿ ಬೀಗ ತೆಗಿತೀನಲ್ಲ, ಆಗ ಶುರು ಆಗ್ತದೆ. ಎಕ್ಸ್‌ಲೇಟರ್ ಕೊಟ್ರೆ ನಿಲ್ತದೆ."

ಅರ್ಧ ಉತ್ತರ ಅಲ್ಲೇ ಇತ್ತು. ಎಕ್ಸಲರೇಟರ್ ಕೊಟ್ಟರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ವೋಲ್ಟೇಜ್ ಏರುತ್ತದೆ, ದೀಪ ಸರಿಯಾಗುತ್ತದೆ. ಐಡಲ್‌ಗೆ ಇಳಿದರೆ ವೋಲ್ಟೇಜ್ ಇಳಿಯುತ್ತದೆ, ದೀಪ ತೊದಲುತ್ತದೆ. ಅಂದರೆ ದೀಪಕ್ಕೆ ವೋಲ್ಟೇಜ್ ಸಾಲುತ್ತಿಲ್ಲ. ಗುಂಡಿಗೆ ಬಿದ್ದಾಗ ಮಾತ್ರ ಮಿನುಗಿದರೆ ಸಡಿಲ ಸಂಪರ್ಕ ಹುಡುಕಬೇಕು. ಹತ್ತು ನಿಮಿಷ ಉರಿದ ಮೇಲೆ ಮಿನುಗಿದರೆ ಬಿಸಿ. ಎಡ ಬಲ ಎರಡೂ ಒಟ್ಟಿಗೆ ಮಿನುಗಿದರೆ ಸ್ವಿಚ್ಚು, ಫ್ಯೂಸು, ಡಿಮ್ಮು ಬ್ರೈಟು ಬದಲಿಸುವ ಡಿಪ್ಪರ್ ಕಡೆ ಹೋಗಿ. ಒಂದೇ ಮಿನುಗಿದರೆ ಆ ದೀಪದ ವೈರು ಇಲ್ಲವೇ ಅದರ ಅರ್ತ್, ಅಂದರೆ ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ನಮ್ಮದು ಎಡಗಡೆ ಒಂದೇ.

ಇನ್ನೊಂದು ಸುಳಿವು ವರ್ಷದಿಂದ ಕಣ್ಣ ಮುಂದೇ ಇತ್ತು. ಹಳೆಯ ಬಲ್ಬು ಇದ್ದಾಗ ಡಿಮ್ ಹಾಕಿದರೂ ಡ್ಯಾಶ್‌ಬೋರ್ಡಿನ ಬ್ರೈಟಿನ ನೀಲಿ ದೀಪ ಮಂಕಾಗಿ ಉರಿಯುತ್ತಿತ್ತು. "ಇದು ಮಿಲ್ಟ್ರಿ ಗಾಡಿ, ಹಾಗೇ ಇರ್ತದೆ" ಅಂತ ಎಲ್ಲರೂ ನಂಬಿದ್ದೆವು. ಹಾಗೇ ಇರುವುದಿಲ್ಲ. ಬಲ್ಬಿನಲ್ಲಿ ಡಿಮ್ಮಿನ ತಂತಿಗೂ ಬ್ರೈಟಿನ ತಂತಿಗೂ ಅರ್ತ್ ಒಂದೇ. ಆ ಅರ್ತ್ ಕೆಟ್ಟರೆ ಡಿಮ್ಮಿನ ಕರೆಂಟಿಗೆ ಮನೆಗೆ ಹೋಗಲು ದಾರಿ ಇಲ್ಲ. ಅದು ಬ್ರೈಟಿನ ತಂತಿಯೊಳಗೆ ಹಿಂದುಮುಂದಾಗಿ ನುಗ್ಗಿ, ಬ್ರೈಟಿನ ಲೈನ್ ಹಿಡಿದು, ನೀಲಿ ದೀಪದ ಮೂಲಕವೂ ಇನ್ನೊಂದು ಹೆಡ್‌ಲೈಟಿನ ಮೂಲಕವೂ ಬಾಡಿ ಸೇರುತ್ತದೆ. ಡಿಮ್ಮಿನಲ್ಲಿ ನೀಲಿ ದೀಪ ಮಿಣಿಮಿಣಿ ಅಂದರೆ ಎಲ್ಲೋ ಒಂದು ಹೆಡ್‌ಲೈಟಿನ ಅರ್ತ್ ಹೋಗಿದೆ ಅಂತಲೇ ಹಿಡಿಯಿರಿ.

ಮೀಟರ್ ಸುಳ್ಳು ಹೇಳುವುದಿಲ್ಲ, ನಾವು ತಪ್ಪು ಪ್ರಶ್ನೆ ಕೇಳುತ್ತೇವೆ

ದೀಪದ ಸಾಕೆಟ್ ಬಿಚ್ಚಿ ಅದಕ್ಕೆ ಮೀಟರ್ ಚುಚ್ಚಿ ನೋಡಿದೆ. 25.1 ವೋಲ್ಟ್. ಬ್ಯಾಟರಿಯಲ್ಲೂ 25.1. ವೈರ್ ಚೆನ್ನಾಗಿದೆ, ಬೋರ್ಡೇ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಎರಡು ಬೋರ್ಡು ದಂಡವಾದದ್ದು ಈ ಒಂದು ಅಳತೆಯಿಂದ.

ಆಗಿದ್ದು ಇಷ್ಟೆ. ಸಾಕೆಟ್ ಬಿಚ್ಚಿದರೆ ವೈರಿನಲ್ಲಿ ಕರೆಂಟು ಹರಿಯುವುದಿಲ್ಲ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಬರದಷ್ಟು ಕಡಿಮೆ. ಕರೆಂಟು ಹರಿಯದೆ ತುಕ್ಕು ವೋಲ್ಟೇಜ್ ತಿನ್ನುವುದಿಲ್ಲ. ನಲ್ಲಿ ಮುಚ್ಚಿದ್ದಾಗ ಕಸ ಕಟ್ಟಿದ ಪೈಪಿನಲ್ಲೂ ಪೂರ್ತಿ ಒತ್ತಡ ಇರುತ್ತದೆ. ನಲ್ಲಿ ಬಿಟ್ಟಾಗ ತಾನೆ ಗೊತ್ತಾಗುವುದು. ಆದ್ದರಿಂದ ಅಳತೆ ಮಾಡುವಾಗ ದೀಪ ಉರಿಯುತ್ತಿರಬೇಕು.

ಉರಿಯುವ ದೀಪ ಅಂದರೆ ಎಲ್‌ಇಡಿ ಅಲ್ಲ, ಹಳೆಯ 24 ವೋಲ್ಟಿನ ಬಲ್ಬು. ಎಲ್‌ಇಡಿ ಮಿನುಗುತ್ತಿದ್ದರೆ ಮೀಟರಿನ ಅಂಕಿಯೂ ಕುಣಿಯುತ್ತದೆ, ಏನೂ ಓದಲು ಬರುವುದಿಲ್ಲ. ಬಲ್ಬು ಸುಮ್ನೆ ಒಂದೇ ಸಮ ಉರಿಯುತ್ತದೆ. ಕರೆಂಟೂ ಜಾಸ್ತಿ ಎಳೆಯುತ್ತದೆ, ಆದ್ದರಿಂದ ಕೆಟ್ಟ ಜಾಗ ಚೆನ್ನಾಗಿ ಎದ್ದು ಕಾಣುತ್ತದೆ. ಅದಕ್ಕೇ ಹಳೆಯ ಬಲ್ಬನ್ನು ಬಿಸಾಡಬೇಡಿ. ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಸಿಕ್ಕಿಸಿ ಪೆಟ್ಟಿಗೆಯಲ್ಲಿ ಇಡಿ.

ಎಂಜಿನ್ ಆಫ್, ಡಿಮ್ ಆನ್, ಎಡ ಸಾಕೆಟ್ಟಿಗೆ ಬಲ್ಬು ಹಾಕಿ ನಾಲ್ಕು ಅಳತೆ ತೆಗೆದೆ.

ಬ್ಯಾಟರಿಯ ಎರಡು ತುದಿಗಳ ನಡುವೆ: 25.1.
ಬಲ್ಬಿನ ಎರಡು ಕಾಲುಗಳ ನಡುವೆ: 17.9.
ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ: 1.1.
ಬಲ್ಬಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ವರೆಗೆ: 6.1.

ಕೊನೆಯ ಮೂರನ್ನು ಕೂಡಿಸಿ ನೋಡಿ, 25.1 ಬರುತ್ತದೆ. ಬರದಿದ್ದರೆ ನಿಮ್ಮ ಯಾವುದೋ ಅಳತೆ ತಪ್ಪಿದೆ, ಮತ್ತೆ ತೆಗೆಯಿರಿ. ಕೊನೆಯ ಎರಡು ಅಳತೆಗೆ ಮೀಟರಿನ ಒಂದು ವೈರ್ ಉದ್ದ ಮಾಡಿಕೊಳ್ಳಬೇಕಾಗುತ್ತದೆ. ಶಕ್ತಿಮಾನ್ ಚಿಕ್ಕ ಗಾಡಿಯಲ್ಲ.

ಪ್ಲಸ್ ಕಡೆ, ಮೈನಸ್ ಕಡೆ, ಎರಡೂ ಅರ್ಧ ವೋಲ್ಟಿನ ಒಳಗೆ ಇರಬೇಕು ಅಂತ ನನ್ನ ಲೆಕ್ಕ. 1.1 ಪರವಾಗಿಲ್ಲ ಅನ್ನುವ ಹಾಗಿಲ್ಲ, ಆದರೆ ಕಳ್ಳ ಅವನಲ್ಲ. ಬ್ಯಾಟರಿಯ ಕಾಲು ಭಾಗದಷ್ಟು ವೋಲ್ಟೇಜನ್ನು ಅರ್ತ್ ಒಂದೇ ನುಂಗುತ್ತಿತ್ತು.

ಬಲ್ಬಿದ್ದಾಗ ಯಾಕೆ ಗೊತ್ತಾಗಲಿಲ್ಲ?

ಯಾಕೆಂದರೆ ಬಲ್ಬು ಸಹಿಸಿಕೊಳ್ಳುತ್ತದೆ. ವೋಲ್ಟೇಜ್ ಕಡಿಮೆಯಾದರೆ ಹಳದಿಯಾಗಿ, ಮಂಕಾಗಿ ಉರಿಯುತ್ತದೆ, ಕರೆಂಟೂ ಕಡಿಮೆ ಎಳೆಯುತ್ತದೆ. ಎಡಗಡೆ ಮಂಕಾಗಿದೆ ಅಂತ ನಾವು ಬಲ್ಬು ಬದಲಾಯಿಸುತ್ತಿದ್ದೆವು.

ಎಲ್‌ಇಡಿ ಬೋರ್ಡಿನ ಸ್ವಭಾವ ಉಲ್ಟಾ. ಅದಕ್ಕೆ 31 ವ್ಯಾಟ್ ಬೇಕು ಅಂದರೆ ಬೇಕು. ವೋಲ್ಟೇಜ್ ಇಳಿದರೆ ಅಷ್ಟೇ ವ್ಯಾಟ್ ಪಡೆಯಲು ಕರೆಂಟನ್ನು ಏರಿಸುತ್ತದೆ. ಕರೆಂಟು ಏರಿದರೆ ತುಕ್ಕು ಹಿಡಿದ ಜಾಗ ಇನ್ನಷ್ಟು ವೋಲ್ಟೇಜ್ ತಿನ್ನುತ್ತದೆ. ಹೀಗೆ ಜಗ್ಗಿ ಜಗ್ಗಿ ನಮ್ಮ ದೀಪದ ಹತ್ತಿರ 20.8 ವೋಲ್ಟಿಗೆ ಬಂದು ನಿಲ್ಲುತ್ತಿತ್ತು. ಬೋರ್ಡು 20.5ರ ಕೆಳಗೆ ತಾನಾಗಿ ಆಫ್ ಆಗುತ್ತದೆ. ಉಳಿದ ಅಂತರ 0.3 ವೋಲ್ಟ್. ಐಡಲ್‌ನಲ್ಲಿ ಎಂಜಿನ್ನು ಒಮ್ಮೆ ನಡುಗಿದರೆ ಅದೂ ಹೋಯಿತು.

ಆಫ್ ಆದ ಕೂಡಲೇ ಕರೆಂಟು ನಿಲ್ಲುತ್ತದೆ. ಕರೆಂಟು ನಿಂತರೆ ತುಕ್ಕು ತಿನ್ನುವುದೂ ನಿಲ್ಲುತ್ತದೆ, ವೋಲ್ಟೇಜ್ ಮತ್ತೆ 25ಕ್ಕೆ ಹಾರುತ್ತದೆ. ಬೋರ್ಡು "ಓ, ಬಂತು" ಅಂತ ಎದ್ದು ಕರೆಂಟು ಎಳೆಯುತ್ತದೆ, ಮತ್ತೆ ಕುಸಿಯುತ್ತದೆ. ಡ್ರೈವರ್ ಕಣ್ಣು ಹೊಡೀತಾ ಇದೆ ಅಂದದ್ದು ಇದಕ್ಕೇ. ಬೋರ್ಡು ಕೆಟ್ಟಿರಲೇ ಇಲ್ಲ, ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಎಂಜಿನ್ ಏರಿದಾಗ ಬ್ಯಾಟರಿಯಲ್ಲಿ 27.8 ಇರುತ್ತದೆ, ಆಗ ದೀಪಕ್ಕೆ 24 ಮುಟ್ಟುತ್ತದೆ, ಎಲ್ಲ ಸರಿ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಆರು ಎಲ್‌ಇಡಿ ಒಂದೇ ಸಾಲಿನಲ್ಲಿ ಹಾಕಿದ್ದು ದುರಾಸೆ. ನಾಲ್ಕನ್ನು ಸಾಲಾಗಿ ಹಾಕಿ 2 ಆಂಪಿಯರ್ ಕೊಟ್ಟರೆ 12.8 ವೋಲ್ಟ್ ಸಾಕು, ಬೆಳಕಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಬೇಗ ಆಫ್ ಆಗದ ಬೋರ್ಡು ಅದಕ್ಕೆ ಹಾಕಿದರೆ 15 ವೋಲ್ಟಿಗೆ ಇಳಿದರೂ ಉರಿಯುತ್ತದೆ. ಆಮೇಲೆ ಹಾಗೇ ಬದಲಾಯಿಸಿದೆ. ಆದರೆ ಅರ್ತ್ ಸರಿ ಮಾಡಿದ ಮೇಲೆ. ಮೊದಲೇ ಬದಲಾಯಿಸಿದ್ದರೆ ಮಿನುಗುವುದು ನಿಲ್ಲುತ್ತಿತ್ತು, ರೋಗ ಒಳಗೇ ಉಳಿಯುತ್ತಿತ್ತು.

ಆ 6.1 ವೋಲ್ಟ್ ಎಲ್ಲಿ ಹೋಯಿತು

ಮೀಟರಿನ ಕಪ್ಪು ವೈರನ್ನು ಬ್ಯಾಟರಿ ಮೈನಸ್‌ಗೆ ಕಚ್ಚಿಸಿ, ಬಲ್ಬು ಉರಿಯುತ್ತಿರುವಾಗ ಕೆಂಪು ಮೊನೆಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತಂದೆ. ಬಲ್ಬಿನ ಮೈನಸ್ ಕಾಲಿನಲ್ಲಿ 6.1. ಬಟ್ಟಲಿನ ಲೋಹದಲ್ಲಿ 6.0. ಬಟ್ಟಲನ್ನು ಮಡ್‌ಗಾರ್ಡಿಗೆ ಹಿಡಿದಿರುವ ಬೋಲ್ಟಿನ ತಲೆಯಲ್ಲಿ 5.9. ಬೋಲ್ಟಿನಿಂದ ಒಂದು ಇಂಚು ಆಚೆ, ಮಡ್‌ಗಾರ್ಡಿನ ಬಣ್ಣ ಕೆರೆದು ಮೊನೆ ಒತ್ತಿದರೆ 0.7. ಒಂದು ಇಂಚಿನಲ್ಲಿ ಐದು ವೋಲ್ಟಿಗೂ ಜಾಸ್ತಿ!

ಬೋಲ್ಟ್ ಬಿಚ್ಚಿದೆವು. ವಾಷರಿನ ಕೆಳಗೆ ಬಣ್ಣ. ಅದು ಒಂದು ಪದರ ಅಲ್ಲ. ಮೇಲೆ ತೋಟದಲ್ಲಿ ಬಳಿದ ಹಸಿರು, ಅದರ ಕೆಳಗೆ ಸೈನ್ಯದ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ತಳದಲ್ಲಿ ಕೆಂಪು ಪ್ರೈಮರ್. ರೂಪಾಯಿ ನಾಣ್ಯದ ದಪ್ಪಕ್ಕೆ ಹತ್ತಿರ ಹತ್ತಿರ. ಅಷ್ಟು ವರ್ಷ ಕರೆಂಟು ಹರಿದದ್ದು ಬೋಲ್ಟಿನ ಮರೆಗಳ ತುದಿಯಲ್ಲಿ, ಅದೂ ತುಕ್ಕಿನ ಮೂಲಕ. ಬಲಗಡೆ ಯಾಕೆ ಸರಿ ಇತ್ತು ಅಂತ ನೋಡಿದರೆ, ಯಾರೋ ಪುಣ್ಯಾತ್ಮ ಅಲ್ಲಿ ಬೇರೆ ಒಂದು ಅರ್ತ್ ವೈರ್ ಎಳೆದಿದ್ದ.

ಬಣ್ಣ ಕೆರೆದು ಬೋಲ್ಟ್ ಬಿಗಿದರೂ ಕೆಲಸ ಆಗುತ್ತದೆ, ಎರಡು ಮಳೆಗಾಲದ ಮಟ್ಟಿಗೆ. ನಾನು ಮಡ್‌ಗಾರ್ಡನ್ನು ನಂಬುವುದನ್ನೇ ಬಿಟ್ಟೆ. ದೀಪದಿಂದ 2.5 ಚದರ ಮಿಲಿಮೀಟರಿನ ಕಪ್ಪು ವೈರನ್ನು ನೇರ ಚಾಸಿಗೆ ತಂದೆ. ಚಾಸಿಯ ಜಾಗವನ್ನು ಎಮರಿ ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಹಲ್ಲಿರುವ ವಾಷರ್ ಹಾಕಿ, ಲಗ್ ಬಿಗಿದು, ಬಿಗಿದ ಮೇಲೆ ಗ್ರೀಸ್ ಮೆತ್ತಿದೆ. ಪ್ಲಸ್ ಕಡೆಯ 1.1ಕ್ಕೆ ಕಾರಣ ಫ್ಯೂಸ್ ಹೋಲ್ಡರಿನ ಹಸಿರು ಕಿಲುಬು. ಅದನ್ನೂ ಉಜ್ಜಿದ್ದಾಯಿತು. ಮತ್ತೆ ಅಳೆದರೆ ಪ್ಲಸ್ ಕಡೆ 0.4, ಮೈನಸ್ ಕಡೆ 0.1, ಬಲ್ಬಿಗೆ 24.6. ಡ್ಯಾಶ್‌ಬೋರ್ಡಿನ ನೀಲಿ ದೀಪವೂ ಡಿಮ್ಮಿನಲ್ಲಿ ಆರಿತು.

ದೀಪ ಪೂರ್ತಿ ಸತ್ತರೆ

ಇದು ಬೇರೆ ಕತೆ, ಬಲಗಡೆಯದು. ಬ್ಯಾಟರಿ ಟರ್ಮಿನಲ್ ಸಡಿಲ ಇತ್ತು, ಎಂಜಿನ್ ಓಡುವಾಗ ಒಮ್ಮೆ ಬಿಟ್ಟು ಹಿಡಿಯಿತು, ದೀಪ ಠಪ್ ಅಂತ ಹೋಯಿತು. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ ಸಂಪರ್ಕ ತಪ್ಪಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಂದು ಕ್ಷಣ ನೆಗೆಯುತ್ತದೆ. 24 ವೋಲ್ಟಿನ ಗಾಡಿಯಲ್ಲಿ ಅದು ನೂರು ವೋಲ್ಟ್ ದಾಟಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲೆಲ್ಲೂ ಸಿಗುವ, ವೋಲ್ಟೇಜ್ ಇಳಿಸುವ ಎಲ್‌ಎಂ2596 ಬೋರ್ಡಿನ ಮಿತಿ 40 ವೋಲ್ಟ್. 12 ವೋಲ್ಟಿನ ಕಾರಿಗೆ ಸಾಕು, ಮಿಲ್ಟ್ರಿ ಗಾಡಿಗೆ ಸಾಲದು.

ಇದಕ್ಕೆ ಟಿವಿಎಸ್ ಡಯೋಡ್ ಹಾಕುತ್ತಾರೆ. ಬೈಕಿನ ಹೆಸರಲ್ಲ, ನೆಗೆದ ವೋಲ್ಟೇಜನ್ನು ನುಂಗುವ ಡಯೋಡ್. ಇಲ್ಲೊಂದು ಮೋಸ ಇದೆ. 33 ವೋಲ್ಟಿನದು ಅಂತ ಬರೆದಿರುವ ಡಯೋಡ್ 33ರಲ್ಲೇ ತಡೆಯುತ್ತದೆ ಅಂದುಕೊಳ್ಳಬೇಡಿ. ಪೂರ್ತಿ ಪೆಟ್ಟು ಬಿದ್ದಾಗ ಅದು 53ರ ಹತ್ತಿರ ಹಿಡಿಯುತ್ತದೆ. ಅಷ್ಟರಲ್ಲಿ 40 ವೋಲ್ಟಿನ ಬೋರ್ಡು ಸತ್ತಿರುತ್ತದೆ. ಆದ್ದರಿಂದ 60 ವೋಲ್ಟ್ ತಡೆಯುವ ಬೋರ್ಡು ಬೇಕು, ಡಯೋಡೂ ಬೇಕು, ಅದರ ಮುಂದೆ ಫ್ಯೂಸೂ ಬೇಕು. ಡಯೋಡ್ ತನ್ನ ಶಕ್ತಿ ಮೀರಿ ನುಂಗಿದರೆ ಶಾರ್ಟ್ ಆಗಿ ಸಾಯುತ್ತದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹಾರುತ್ತಿದ್ದರೆ ಮೊದಲು ಆ ಡಯೋಡನ್ನು ಒಂದು ಕಾಲು ಬಿಚ್ಚಿ ನೋಡಿ.

ಬೋರ್ಡು ಸರಿ ಇದ್ದು ದೀಪ ಬರದಿದ್ದರೆ ಸಾಲಿನಲ್ಲಿ ಒಂದು ಎಲ್‌ಇಡಿ ಒಳಗೇ ಕಡಿದುಹೋಗಿದೆ. ಒಂದು ಹೋದರೆ ಆ ಸಾಲು ಪೂರ್ತಿ ಹೋಗುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿಗೆ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿ ಒಂದೊಂದು ಎಲ್‌ಇಡಿಗೂ ಮುಟ್ಟಿಸಿ. ಬದುಕಿರುವುದು ಮೆಲ್ಲಗೆ ಬೆಳಗುತ್ತದೆ, ಸತ್ತದ್ದು ಬೆಳಗುವುದಿಲ್ಲ. ರೆಸಿಸ್ಟರ್ ಮರೆತರೆ ಬದುಕಿರುವುದೂ ಸಾಯುತ್ತದೆ.

ಕೆಲವರು 24ರ ತಂಟೆಯೇ ಬೇಡ ಅಂತ ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ತೆಗೆದು ಕಾರಿನ ದೀಪ ಉರಿಸುತ್ತಾರೆ. ದೀಪ ಚೆನ್ನಾಗೇ ಉರಿಯುತ್ತದೆ. ಆದರೆ ಒಂದು ಬ್ಯಾಟರಿ ಮಾತ್ರ ದುಡಿಯುತ್ತದೆ. ಚಾರ್ಜರ್‌ಗೆ ಇದು ಗೊತ್ತಾಗುವುದಿಲ್ಲ, ಎರಡಕ್ಕೂ ಒಂದೇ ಕರೆಂಟು ತಳ್ಳುತ್ತದೆ. ದುಡಿದದ್ದು ಯಾವಾಗಲೂ ಅರೆಹೊಟ್ಟೆ, ದುಡಿಯದ್ದು ಉಕ್ಕಿ ನೀರು ಕಳೆದುಕೊಳ್ಳುತ್ತದೆ. ಕಡೆಗೆ ಎರಡೂ ಹೋಗುತ್ತವೆ. ಒಂದು ಬ್ಯಾಟರಿಯ ನೀರು ಮಾತ್ರ ಬೇಗ ಬೇಗ ಇಳಿಯುತ್ತಿದ್ದರೆ ಇಂಥ ವೈರ್ ಎಲ್ಲಿದೆ ಹುಡುಕಿ.

ಬಿಸಿ, ಮಂಜು

ಹತ್ತು ನಿಮಿಷದ ಮೇಲೆ ಮಂಕಾಗುವ ದೀಪಕ್ಕೆ ಬೆರಳೇ ಥರ್ಮಾಮೀಟರ್. ತಟ್ಟೆಯ ಹಿಂಭಾಗ ಮುಟ್ಟಿ ನೋಡಿ. ನಾಲ್ಕೈದು ಸೆಕೆಂಡ್ ಇಡಲಾಗದಿದ್ದರೆ 60 ಡಿಗ್ರಿ ದಾಟಿದೆ. ಎಲ್‌ಇಡಿಯ ಬಿಸಿ ಬಲ್ಬಿನ ಹಾಗೆ ಬೆಳಕಿನ ಜೊತೆ ಮುಂದಕ್ಕೆ ಹೋಗುವುದಿಲ್ಲ, ಬೆನ್ನಿಗೆ ಹೋಗುತ್ತದೆ. ಮುಚ್ಚಿದ ಬಟ್ಟಲಿನೊಳಗೆ ಎಷ್ಟು ದಪ್ಪ ತಟ್ಟೆ ಇಟ್ಟರೂ ಹೊರಗಿನ ಗಾಳಿ ತಾಗದಿದ್ದರೆ ಪ್ರಯೋಜನ ಇಲ್ಲ. ನಾನು ತಟ್ಟೆಯ ಅಂಚು ಬಟ್ಟಲಿನ ಲೋಹದ ರಿಂಗಿಗೆ ಬಿಗಿಯಾಗಿ ಕೂರುವ ಹಾಗೆ ಮಾಡಿದ್ದೇನೆ. ಎಲ್‌ಇಡಿಯ ಬಿಸಿಯನ್ನು ತಟ್ಟೆಗೆ ದಾಟಿಸುವ ಪೇಸ್ಟನ್ನು ತೆಳ್ಳಗೆ ಸವರಿ. ರೊಟ್ಟಿಗೆ ಬೆಣ್ಣೆ ಹಚ್ಚುವಷ್ಟು ಹಚ್ಚಿದರೆ ಅದೇ ಅಡ್ಡ ಗೋಡೆ.

ಮುಂದಕ್ಕೆ ಬಿಸಿ ಹೋಗದಿರುವುದರ ಇನ್ನೊಂದು ಫಲ ಮಳೆಗಾಲದಲ್ಲಿ ಕಾಣುತ್ತದೆ. ಬಲ್ಬು ತನ್ನ ಬಿಸಿಯಿಂದಲೇ ಗಾಜಿನ ಒಳಗಿನ ತೇವ ಒಣಗಿಸುತ್ತಿತ್ತು. ಎಲ್‌ಇಡಿ ಒಣಗಿಸುವುದಿಲ್ಲ. ಜುಲೈನಲ್ಲಿ ನಮ್ಮ ಗಾಜಿನ ಒಳಗೆ ಹನಿಗಳು ಸಾಲಾಗಿ ಕೂತಿದ್ದವು. ಸಿಲಿಕೋನ್ ಬಳಿದು ಪೂರ್ತಿ ಮುಚ್ಚಿದೆ, ಇನ್ನೂ ಜಾಸ್ತಿ ಆಯಿತು, ಒಳಗಿದ್ದ ತೇವ ಹೊರಗೆ ಹೋಗಲು ದಾರಿಯೇ ಇಲ್ಲದಂತಾಯಿತು. ಕಡೆಗೆ ಬಟ್ಟಲಿನ ತಳದಲ್ಲಿ 3 ಮಿಲಿಮೀಟರಿನ ತೂತು ಕೊರೆದು, ಸಣ್ಣ ರಬ್ಬರ್ ಕೊಳವೆಯನ್ನು ಕೆಳಮುಖ ಮಾಡಿ ಸಿಕ್ಕಿಸಿದೆ. ಈಗ ಸಂಜೆ ಹನಿ ಕಂಡರೂ ಬೆಳಗ್ಗೆ ಇರುವುದಿಲ್ಲ.

ಹೊರಗಿನ ಮಂಜಿಗೆ ಹಳದಿ ಬೆಳಕೇ ಬೇಕು ಅಂತ ವಾದ ಮಾಡುವವರಿದ್ದಾರೆ. ನನ್ನ ಅನುಭವದಲ್ಲಿ ಬಣ್ಣಕ್ಕಿಂತ ಎತ್ತರ ಮುಖ್ಯ. ಬೆಳಕು ಮೇಲಕ್ಕೆ ಹೋದಷ್ಟೂ ಎದುರಿಗೆ ಬಿಳಿ ಗೋಡೆ. ಸಮತಟ್ಟಾದ ಕಾಫಿ ಕಣದಲ್ಲಿ ಗೋಡೆಯಿಂದ 10 ಮೀಟರ್ ದೂರ ಲಾರಿ ನಿಲ್ಲಿಸಿ, ಡಿಮ್ಮಿನ ಮೇಲಂಚು ದೀಪದ ಎತ್ತರಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳುವ ಹಾಗೆ ತಿರುಗಿಸಿ. ನಮ್ಮದು ಮೊದಲು ಗೋಡೆಯನ್ನೂ ದಾಟಿ ಹಲಸಿನ ಮರಕ್ಕೆ ಹೊಡೆಯುತ್ತಿತ್ತು.

ನಾಲ್ಕು ಅಳತೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಡ್ಯಾಶ್‌ಬೋರ್ಡಿನ ಒಳಗೆ ಅಂಟಿಸಿದ್ದೇನೆ: ಬ್ಯಾಟರಿ 25.1, ದೀಪ 24.6, ಪ್ಲಸ್ 0.4, ಮೈನಸ್ 0.1. ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಬಲ್ಬು ಹಾಕಿ ಮತ್ತೆ ಅಳೆಯಬೇಕು. ಡ್ರೈವರ್ ಆ ರಟ್ಟಿನ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾನೆ: "ಕಾನ್ವಾಯ್ ಲೈಟು ಇನ್ನೂ ಬರ್ತಿಲ್ಲ." ಸಾಲಾಗಿ ಹೋಗುವಾಗ ಹಿಂದಿನ ಗಾಡಿಯವನಿಗೆ ಕಾಣಲಿ ಅಂತ ಹಿಂದಿನ ಆಕ್ಸಲ್ಲಿನ ಮೇಲೆ ಬೆಳಕು ಬೀರುವ ಆ ಪುಟ್ಟ ದೀಪ ತೋಟದಲ್ಲಿ ಯಾರಿಗೆ ಬೇಕೋ ಗೊತ್ತಿಲ್ಲ. ಭಾನುವಾರ ಅದರ ಅರ್ತ್ ನೋಡಬೇಕು.